ಮಾರಿಸ್ ಮೈನರ್‌ಗೆ ಡಿಸ್ಕ್ ಬ್ರೇಕ್: ಮೊದಲು ಟ್ರನಿಯನ್, ಆಮೇಲೆ ಕ್ಯಾಲಿಪರ್

ಕಾರು 1967ರ ಮಾರಿಸ್ ಮೈನರ್ 1000, 1098 ಸಿಸಿ ಎಂಜಿನ್, ಬಲಗಡೆ ಸ್ಟೀರಿಂಗ್. ಇರುವುದು ಇಂಗ್ಲೆಂಡಿನಲ್ಲಿ. ಕಾರ್ಖಾನೆಯಿಂದ ಬಂದದ್ದು ನಾಲ್ಕೂ ಚಕ್ರಕ್ಕೆ ಡ್ರಮ್: ಮುಂದೆ 8 ಇಂಚು, ಹಿಂದೆ 7 ಇಂಚು. ಸರ್ವೋ (ಎಂಜಿನ್ನಿನ ಎಳೆತದಿಂದ ಪೆಡಲಿಗೆ ನೆರವಾಗುವ ಸಾಧನ) ಇಲ್ಲ, ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಸರ್ಕ್ಯೂಟ್ ಒಂದೇ. ಸರಿಯಾಗಿ ಅಡ್ಜಸ್ಟ್ ಮಾಡಿದ 8 ಇಂಚಿನ ಡ್ರಮ್ ಒಂದು ಸಲ ಗಟ್ಟಿಯಾಗಿ ಹಿಡಿಯುತ್ತದೆ. ಉದ್ದದ ಇಳಿಜಾರಿನಲ್ಲಿ ನಾಲ್ಕೈದು ಸಲ ಸಾಲಾಗಿ ಒತ್ತಿದರೆ ಕಾದು ಹಿಡಿತ ಬಿಡುತ್ತದೆ, ನಿಂತ ನೀರು ದಾಟಿ ಬಂದರೆ ಒಂದು ಕಡೆಗೆ ಎಳೆಯುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿದ್ದು ಈ ಎರಡು ಕಾರಣಕ್ಕೆ.

ಅಂಬಾಸಡರ್ ಬಿಚ್ಚಿ ಕಟ್ಟಿದವರಿಗೆ ಈ ಕಾರಿನ ಅಡಿಭಾಗ ಅಪರಿಚಿತ ಅನ್ನಿಸುವುದಿಲ್ಲ. ಅಂಬಾಸಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಮೈನರ್‌ನ ಮನೆಯದೇ. ಎರಡರಲ್ಲೂ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಚಾಸಿಯ ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುತ್ತದೆ. ಹಿಂದೆ ಲೀಫ್ ಸ್ಪ್ರಿಂಗ್.

ಮೈನರ್‌ನಲ್ಲಿ ಮುಂದಿನ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರದೊಡನೆ ತಿರುಗುವ ನಿಂತ ಕಡ್ಡಿ) ಮೇಲೂ ಕೆಳಗೂ ಟ್ರನಿಯನ್ ಎಂಬ, ಮರೆ (ಸ್ಕ್ರೂವಿನ ಥ್ರೆಡ್) ಇರುವ ತುಂಡಿನೊಳಗೆ ತಿರುಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಮರೆಯ ಮೇಲೆ ಮರೆ ಉಜ್ಜುತ್ತದೆ. ಗ್ರೀಸ್ ತಪ್ಪಿದರೆ ಕೆಳಗಿನ ಟ್ರನಿಯನ್‌ನ ಮರೆ ಸವೆದು, ಒಂದು ದಿನ ಕಿಂಗ್‌ಪಿನ್ ಅದರಿಂದ ಕಿತ್ತು ಬರುತ್ತದೆ, ಚಕ್ರ ಮಡ್‌ಗಾರ್ಡಿನೊಳಗೆ ಮಡಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೀಗಾಗುವುದು ಕಾರು ನಿಲ್ಲಿಸುವಾಗ, ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ. ಆದರೆ ಡಿಸ್ಕ್ ಹಾಕಿ ಬ್ರೇಕಿನ ಬಲ ಹೆಚ್ಚಿಸಿದ ಮೇಲೆ ಆ ಬಲವನ್ನು ಹೊರಬೇಕಾದದ್ದೂ ಇದೇ ಕಿಂಗ್‌ಪಿನ್, ಇದೇ ಟ್ರನಿಯನ್. ಸವೆದ ಟ್ರನಿಯನ್ ಮೇಲೆ ಹೊಸ ಡಿಸ್ಕ್ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಕ್ಯಾಲಿಪರ್ (ಪ್ಯಾಡ್‌ಗಳಿಂದ ಡಿಸ್ಕನ್ನು ಹಿಡಿಯುವ ಭಾಗ) ಬಂದ ಪೆಟ್ಟಿಗೆ ತೆರೆಯುವ ಮೊದಲೇ ನಾಲ್ಕೂ ಟ್ರನಿಯನ್, ಎರಡೂ ಕಿಂಗ್‌ಪಿನ್ ಬದಲಿಸಿದೆ.

ಸವೆತ ನೋಡುವುದು ಹೀಗೆ: ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ತೂಗಾಡುವಂತೆ ಬಿಡಿ. ಟೈರಿನ ಕೆಳಗೆ ಹಾರೆ ತೂರಿಸಿ ಮೇಲಕ್ಕೆ ಎತ್ತಿ. ಟ್ರನಿಯನ್ ಅಲ್ಲಾಡದೆ ಕಿಂಗ್‌ಪಿನ್ ಮಾತ್ರ ಮೇಲೆ ಕೆಳಗೆ ಆಡಿದರೆ ಮರೆ ಹೋಗಿದೆ. ಟೈರನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಇದು ಗೊತ್ತಾಗುವುದಿಲ್ಲ, ಅಲ್ಲಿ ಸಿಗುವುದು ಬೇರಿಂಗಿನ ಆಟ. ಎಡ ಬಲದ ಟ್ರನಿಯನ್‌ಗಳ ಮರೆ ವಿರುದ್ಧ ದಿಕ್ಕಿನದು, ಅದಲುಬದಲು ಮಾಡಲಾಗದು. ಹೊಸದರ ನಿಪ್ಪಲ್‌ಗೆ ಗ್ರೀಸ್ ಗನ್ ಹಾಕುವಾಗ ಚಾಸಿಗೇ ಜ್ಯಾಕ್ ಕೊಟ್ಟು ಚಕ್ರದ ಭಾರ ತೆಗೆಯಬೇಕು. ಭಾರ ಕೂತಿದ್ದರೆ ಒತ್ತಡ ಬಿದ್ದ ಮರೆಯ ಬದಿಗೆ ಗ್ರೀಸ್ ಹೋಗುವುದೇ ಇಲ್ಲ. 1000 ಮೈಲಿಗೊಮ್ಮೆ ಹಾಕುತ್ತೇನೆ. ಮೂಲ ಕೈಪಿಡಿ 3000 ಮೈಲಿ ಎನ್ನುತ್ತದೆ, ಆದರೆ ಇಲ್ಲಿ ಮಳೆ ಜಾಸ್ತಿ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ.

ಟಾರ್ಷನ್ ಬಾರ್ ಸಡಿಲಿಸುವಾಗ ಜಾಗ್ರತೆ ಬೇಕು. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗಿನ ಆರ್ಮ್ ಕೆಳಗೆ ಟ್ರಾಲಿ ಜ್ಯಾಕ್ ಕೊಟ್ಟು ಭಾರವನ್ನು ಅದರ ಮೇಲೆ ತೆಗೆದುಕೊಂಡೆ. ಆಮೇಲೆ ಮೇಲಿನ ಟ್ರನಿಯನ್ ಬಿಡಿಸಿ, ಬಾರಿನ ಬಲ ಪೂರ್ತಿ ಇಳಿಯುವವರೆಗೆ ಜ್ಯಾಕನ್ನು ನಿಧಾನಕ್ಕೆ ಇಳಿಸಿದೆ. ಜ್ಯಾಕ್ ಜಾರಿದರೆ ಆರ್ಮ್ ಕಾಲು ಮುರಿಯುವಷ್ಟು ಜೋರಾಗಿ ಬಡಿಯುತ್ತದೆ. ಕೀಳುವ ಮೊದಲು ಬಾರಿನ ಎರಡೂ ತುದಿಯ ಹಲ್ಲಿಗೆ ಬಣ್ಣದ ಗುರುತು ಹಾಕಬೇಕು. ಒಂದು ಕಡೆ ತಿರುಚಿ ಪಳಗಿದ ಬಾರನ್ನು ಇನ್ನೊಂದು ಕಡೆ ಹಾಕಬಾರದು. ಬಾರಿನ ಮೈಗೆ ಪೈಪ್ ರೆಂಚ್ ಹಚ್ಚಲೇಬಾರದು. ಆ ಗೀರಿನಿಂದಲೇ ಮುಂದೆ ಬಿರುಕು ಹೊರಡುತ್ತದೆ.

ಆರ್ಮ್ ಬಿಚ್ಚಿದ್ದಾಗಲೇ ಬುಷ್‌ಗಳನ್ನೂ ಬದಲಿಸಿದೆ. ಒಳಗಿನ ಐಬೋಲ್ಟ್‌ಗೆ ಪಾಲಿಯುರಿಥೇನ್, ಟೈ ರಾಡ್‌ಗೆ ರಬ್ಬರ್. ಕೆಳಗಿನ ಆರ್ಮ್‌ನಿಂದ ಮುಂದಕ್ಕೆ ಚಾಸಿಗೆ ಹೋಗುವ ಟೈ ರಾಡ್, ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ಎಳೆದು ಹಿಡಿಯುತ್ತದೆ. ಅದರ ಬುಷ್ ಚಪ್ಪಟೆಯಾಗಿದ್ದರೆ ಪ್ರತಿ ಬ್ರೇಕಿಗೂ ಸ್ಟೀರಿಂಗ್ ನಡುಗುತ್ತದೆ, ತಪ್ಪು ಡಿಸ್ಕಿನದು ಅನ್ನಿಸಿ ಹೊಸ ಡಿಸ್ಕ್ ತರುವವರಿದ್ದಾರೆ. ಅಲ್ಲಿ ಪಾಲಿಯುರಿಥೇನ್ ಬೇಡ ಎನ್ನುವುದು ನನ್ನ ಅಭಿಪ್ರಾಯ: ಆರ್ಮ್ ಮೇಲೆ ಕೆಳಗೆ ಹೋಗುವಾಗ ರಾಡ್ ಓರೆಯಾಗಲೇಬೇಕು, ರಬ್ಬರ್ ಅದಕ್ಕೆ ಬಾಗಿಕೊಡುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಕಾರು ತನ್ನ ಚಕ್ರದ ಮೇಲೆ ನಿಂತಾಗಲೇ ಕೊನೆಯ ಬಾರಿ ಬಿಗಿಯಬೇಕು. ಚಕ್ರ ತೂಗುತ್ತಿರುವಾಗ ಬಿಗಿದರೆ ಕೆಳಗಿಳಿಸಿದ ಕ್ಷಣವೇ ರಬ್ಬರ್ ತಿರುಚಿ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್ ವಿಷಯ. ಮುಂದಿನ ಲಿವರ್ ಡ್ಯಾಂಪರ್‌ನ ತೋಳೇ ಮೈನರ್‌ನ ಮೇಲಿನ ಸಸ್ಪೆನ್ಷನ್ ಆರ್ಮ್. ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್ ಕಿಟ್ ಹಾಕಿದರೂ ಹಳೆಯದನ್ನು ತೆಗೆಯಲಾಗದು. ನಾನು ಮುಂದೆ ರಿಪೇರಿಯಾದ ಲಿವರ್ ಡ್ಯಾಂಪರ್‌ಗಳನ್ನೇ ಇಟ್ಟೆ, ಅದರ ಶಾಫ್ಟ್ ಅಲ್ಲಾಡದಿದ್ದರೆ ರಸ್ತೆಗೆ ಅದು ಸಾಕು. ಹಿಂದೆ ಮಾತ್ರ ಟೆಲಿಸ್ಕೋಪಿಕ್ ಹಾಕಿದೆ. ಹಿಂದಿನ ಕೆಲಸಕ್ಕೆ ಕೈ ಹಾಕುವ ಮೊದಲು ಲೀಫ್ ಸ್ಪ್ರಿಂಗ್ ನೇತುಹಾಕುವ ಜಾಗದ ಚಾಸಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕು ಹಿಡಿದು ತೂತು ಬಿದ್ದಿದ್ದರೆ ವೆಲ್ಡಿಂಗ್ ಮೊದಲು, ಉಳಿದದ್ದೆಲ್ಲ ಆಮೇಲೆ. ಯು ಬೋಲ್ಟ್ ಹೊಸವೇ ಇರಲಿ, 100 ಕಿಮೀ ಓಡಿಸಿ ಮತ್ತೆ ಬಿಗಿಯಬೇಕು.

ಇನ್ನು ಬ್ರೇಕ್. ಕಿಟ್‌ನಲ್ಲಿ ಬಂದದ್ದು ಹಬ್, ಡಿಸ್ಕ್, ಬ್ರಾಕೆಟ್, ಮತ್ತು 48 ಮಿಮೀ ಒಂಟಿ ಪಿಸ್ಟನ್‌ನ ತೇಲುವ ಕ್ಯಾಲಿಪರ್. ಡ್ರಮ್ಮಿನ ಬ್ಯಾಕ್‌ಪ್ಲೇಟ್ ಇದ್ದ ಬೋಲ್ಟ್ ತೂತುಗಳಿಗೇ ಬ್ರಾಕೆಟ್ ಕೂರುತ್ತದೆ. ಬ್ರೇಕ್ ಆಯಿಲ್ ಹಾಕುವ ಮುನ್ನ, ಪೈಪ್ ಕಟ್ಟುವ ಮುನ್ನ, ಬರಿ ಕ್ಯಾಲಿಪರ್ ಕೂರಿಸಿ ಚಕ್ರ ಹಾಕಿ ತಿರುಗಿಸಿ ನೋಡಬೇಕು. 14 ಇಂಚಿನ ಮೂಲ ರಿಮ್ಮಿನೊಳಗೆ ಜಾಗ ಕಡಿಮೆ. 3 ಮಿಮೀ ಆದರೂ ಸಂದು ಇರಲಿ. ಹಬ್ ಮತ್ತು ರಿಮ್ ನಡುವೆ ಸ್ಪೇಸರ್ ಬಿಲ್ಲೆ ಬೇಕಾದರೆ ಉದ್ದದ ಸ್ಟಡ್ ಕೂಡ ಬೇಕು. 3/8 ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಮರೆ) ಸ್ಟಡ್‌ಗೆ ಇಂಚಿಗೆ 24 ಮರೆ, ಆದ್ದರಿಂದ ವೀಲ್ ನಟ್ ಕನಿಷ್ಠ 9 ಸುತ್ತು ಪೂರ್ತಿ ಹೋಗಬೇಕು. ಐದಾರು ಸುತ್ತಿಗೇ ಬಿಗಿಯಾಯಿತೆಂದರೆ ಆ ಕಾರನ್ನು ರಸ್ತೆಗೆ ಇಳಿಸಬೇಡಿ.

ಡಿಸ್ಕಿನ ಅಂಚಿಗೆ ಡಯಲ್ ಗೇಜ್ ಹಿಡಿದು ತಿರುಗಿಸಿದಾಗ 0.1 ಮಿಮೀಗಿಂತ ಹೆಚ್ಚು ಓಲಾಡಬಾರದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಬೋರ್ 7/8 ಇಂಚು, ಅಂದರೆ ಸುಮಾರು 3.9 ಚದರ ಸೆಂಮೀ. ಎರಡು ಕ್ಯಾಲಿಪರ್ ಪಿಸ್ಟನ್ ಸೇರಿ 36 ಚದರ ಸೆಂಮೀ. ಓಲಾಡುವ ಡಿಸ್ಕ್ ಈ ಪಿಸ್ಟನ್‌ಗಳನ್ನು 0.1 ಮಿಮೀ ಹಿಂದೆ ತಳ್ಳಿದರೂ, ಅದನ್ನು ತುಂಬಲು ಮಾಸ್ಟರ್ ಸಿಲಿಂಡರ್ ಪಿಸ್ಟನ್ 0.9 ಮಿಮೀ ಚಲಿಸಬೇಕು. ಪೆಡಲ್ ಲಿವರ್ ಆದ್ದರಿಂದ ಕಾಲಿಗೆ ಅದರ ಹಲವು ಪಟ್ಟು. ಪೆಡಲ್ ಕೆಳಕ್ಕೆ ಹೋಗುತ್ತದೆ ಎಂದು ಎಷ್ಟು ಸಲ ಗಾಳಿ ತೆಗೆದರೂ ಸರಿಯಾಗದಿದ್ದರೆ, ಹಬ್ ಬೇರಿಂಗ್ ಮತ್ತು ಡಿಸ್ಕಿನ ಓಲಾಟ ನೋಡಿ.

ಪೈಪಿನ ಮರೆಯಲ್ಲಿ ಪ್ರಾಣಕ್ಕೇ ಅಪಾಯ ತರುವ ಮೋಸವಿದೆ. ಮೈನರ್‌ನ ಯೂನಿಯನ್ 3/8 ಯುಎನ್‌ಎಫ್, ಇತ್ತೀಚಿನ ಕ್ಯಾಲಿಪರ್‌ಗಳದು ಎಂ10 (10 ಮಿಮೀ ಮೆಟ್ರಿಕ್), ಮರೆಯಿಂದ ಮರೆಗೆ 1 ಮಿಮೀ ಪಿಚ್. 3/8 ಎಂದರೆ 9.5 ಮಿಮೀ, ಆದ್ದರಿಂದ ಅದು ಎಂ10 ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ಕಾಣುತ್ತದೆ. ಪೆಡಲನ್ನು ಜೋರಾಗಿ ಒತ್ತಿದ ದಿನ ಮರೆ ಕಿತ್ತು ಹೊರಬರುತ್ತದೆ. ಹೋಸ್‌ನ ಒಂದು ತುದಿ ಎಂ10, ಇನ್ನೊಂದು ಯುಎನ್‌ಎಫ್ ಇರುವುದನ್ನೇ ತರಿಸಿ, ಪ್ರತಿ ಯೂನಿಯನ್ ಅನ್ನೂ ಪಿಚ್ ಗೇಜ್‌ನಿಂದ ಅಳೆದು ಹಾಕಿದೆ. ಪೈಪೆಲ್ಲ 3/16 ಇಂಚಿನ ತಾಮ್ರ–ನಿಕಲ್, ಎಲ್ಲವೂ ಹೊಸದು. ಒಂದೇ ಸರ್ಕ್ಯೂಟ್ ಉಳಿಸಿಕೊಂಡಿದ್ದರಿಂದ ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಬ್ರೇಕ್ ಹೋಗುತ್ತದೆ. ಆಗ ಉಳಿಯುವುದು ಕೇಬಲ್ಲಿನ ಹ್ಯಾಂಡ್‌ಬ್ರೇಕ್ ಮಾತ್ರ. ಅದರ ಕೇಬಲ್‌ಗಳನ್ನೂ ಬದಲಿಸಿದೆ.

ಮೈನರ್‌ನ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನ ಕೆಳಗಿಲ್ಲ, ಚಾಲಕನ ಕಾಲಡಿ, ಚಾಸಿಯ ಉದ್ದದ ತೊಲೆಯೊಳಗೆ ಇದೆ. ಆಯಿಲ್ ತುಂಬಲು ಕಾರ್ಪೆಟ್ ಎತ್ತಬೇಕು. ಅದನ್ನು ಹಿಡಿದಿರುವ ಎರಡು ಉದ್ದದ ಬೋಲ್ಟ್‌ಗಳನ್ನು ಎಳೆಯಲು ಹೋದರೆ ಬಲಗಡೆಯ ಟಾರ್ಷನ್ ಬಾರ್ ಅಡ್ಡ. ಬಾರ್ ಹೇಗೂ ಸಡಿಲವಾಗಿದ್ದರಿಂದ ತೆಗೆದು, ಮತ್ತೆ ಹಾಕುವಾಗ ಬಾರ್ ಇಲ್ಲದ ಕಡೆಯಿಂದ ಬೋಲ್ಟ್ ತೂರಿಸಿದೆ. ಮುಂದಿನ ಸಲ ಬಾರ್ ಮುಟ್ಟದೆ ಸಿಲಿಂಡರ್ ಇಳಿಸಬಹುದು.

ಸಿಲಿಂಡರ್ ಅಷ್ಟು ಕೆಳಗಿರುವುದರಿಂದಲೇ ಇನ್ನೊಂದು ತೊಡಕು. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರ್ ಬಾಯಲ್ಲಿ ಒಂದು ಚೆಕ್ ವಾಲ್ವ್ (ಆಯಿಲ್ ಹಿಂದಕ್ಕೆ ಪೂರ್ತಿ ಬರದಂತೆ ತಡೆಯುವ ಕವಾಟ) ಇದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿ, ವೀಲ್ ಸಿಲಿಂಡರ್‌ನ ರಬ್ಬರ್ ಕಪ್‌ಗಳನ್ನು ಅದು ಅರಳಿಸಿ ಇಡುತ್ತದೆ. ಡಿಸ್ಕಿಗೆ ಆ ಒತ್ತಡ ಹೆಚ್ಚಾಯಿತು, ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ಹತ್ತು ಕಿಮೀಗೆ ರಿಮ್ ಮುಟ್ಟಲಾಗದಷ್ಟು ಕಾಯುತ್ತದೆ. ಹಾಗೆಂದು ವಾಲ್ವನ್ನು ಕಿತ್ತು ಸುಮ್ಮನಾದರೆ, ಮೇಲಿರುವ ಕ್ಯಾಲಿಪರ್‌ನಿಂದ ಆಯಿಲ್ ಕೆಳಗಿನ ಸಿಲಿಂಡರ್‌ಗೆ ಮೆಲ್ಲಗೆ ಹಿಂದೆ ಹರಿಯುತ್ತದೆ. ರಾತ್ರಿ ನಿಂತ ಕಾರಿಗೆ ಬೆಳಗ್ಗೆ ಮೊದಲ ಪೆಡಲ್ ಪೊಳ್ಳು. ಸಿಲಿಂಡರ್‌ನ ವಾಲ್ವ್ ತೆಗೆದು, ಪೈಪ್ ಮುಂದಕ್ಕೂ ಹಿಂದಕ್ಕೂ ಕವಲೊಡೆದ ಮೇಲೆ ಎರಡು ಬೇರೆ ಬೇರೆ ವಾಲ್ವ್ ಹಾಕಿದೆ: ಡಿಸ್ಕಿನ ದಾರಿಗೆ 2 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಒತ್ತಡ), ಹಿಂದಿನ ಡ್ರಮ್ಮಿನ ದಾರಿಗೆ 10 ಪಿಎಸ್‌ಐ. ವಾಲ್ವಿನ ಮೈಮೇಲಿನ ಬಾಣ ಚಕ್ರದ ಕಡೆಗಿರಬೇಕು.

ಮುಂದಿನ ಡ್ರಮ್ಮಿನ ಎರಡೂ ಬ್ರೇಕ್ ಶೂಗಳು ಲೀಡಿಂಗ್ ಬಗೆಯವಾದ್ದರಿಂದ, ತಿರುಗುವ ಡ್ರಮ್ಮೇ ಅವನ್ನು ಒಳಗೆ ಎಳೆದುಕೊಂಡು ಕಾಲಿಗೆ ನೆರವಾಗುತ್ತಿತ್ತು. ಡಿಸ್ಕಿಗೆ ಆ ಗುಣವಿಲ್ಲ, ಪೆಡಲ್ ಭಾರವಾಗುತ್ತದೆ. ಅದಕ್ಕೆ ಬಾನೆಟ್ಟಿನಡಿ ಪೈಪಿನ ನಡುವೆ ಕೂರುವ ರಿಮೋಟ್ ಸರ್ವೋ ಹಾಕಿದೆ, ಕವಲಿಗೆ ಮೊದಲು, ಔಟ್‌ಲೆಟ್ ತುದಿ ಮೇಲಿರುವಂತೆ ಓರೆಯಾಗಿ. ಇಲ್ಲದಿದ್ದರೆ ಅದರೊಳಗಿನ ಗಾಳಿ ಹೊರಬರುವುದಿಲ್ಲ. ಎಲ್ಲೂ ಸೋರದೆ ಆಯಿಲ್ ಇಳಿಯುತ್ತಾ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬಂದರೆ ಸರ್ವೋದ ಸೀಲ್ ಹೋಗಿ ಎಂಜಿನ್ ಬ್ರೇಕ್ ಆಯಿಲ್ ಕುಡಿಯುತ್ತಿದೆ ಎಂದರ್ಥ.

ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ತೇವ ಹೀರಿದರೆ ಈ ಮಟ್ಟ 155ರವರೆಗೆ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಸೀಲ್‌ಗಳನ್ನು ಪೆಟ್ರೋಲಿನಲ್ಲಿ ತೊಳೆಯಬಾರದು, ಉಬ್ಬಿಹೋಗುತ್ತವೆ. ಗಾಳಿ ತೆಗೆದದ್ದು ದೂರದ ಚಕ್ರದಿಂದ: ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಬ್ಲೀಡ್ ನಿಪ್ಪಲ್ ಕ್ಯಾಲಿಪರ್‌ನ ಮೇಲ್ಭಾಗದಲ್ಲಿರಬೇಕು. ಎಡ ಬಲ ಅದಲುಬದಲಾದರೆ ಕ್ಯಾಲಿಪರ್ ಸರಿಯಾಗಿಯೇ ಕೂರುತ್ತದೆ, ನಿಪ್ಪಲ್ ಮಾತ್ರ ಕೆಳಗೆ ಹೋಗುತ್ತದೆ, ಲೀಟರ್‌ಗಟ್ಟಲೆ ಆಯಿಲ್ ಸುರಿದರೂ ಗಾಳಿ ಒಳಗೇ ಉಳಿಯುತ್ತದೆ.

ಎತ್ತರವನ್ನು ಟಾರ್ಷನ್ ಬಾರಿನ ಹಿಂದಿನ ತುದಿಯಲ್ಲಿ ಹೊಂದಿಸಿದೆ. ಒಂದು ಹಲ್ಲು ಬದಲಿಸಿದರೆ ವ್ಯತ್ಯಾಸ ದೊಡ್ಡದು. ಸಣ್ಣ ಬದಲಾವಣೆಗೆ ಅಲ್ಲಿರುವ ತೂತುಗಳ ಪ್ಲೇಟ್ ಬಳಸಬೇಕು. ಕಾರನ್ನು ಮೂಲ ಎತ್ತರಕ್ಕಿಂತ ತಗ್ಗಿಸಲಿಲ್ಲ. ಸ್ಟೀರಿಂಗ್ ರ‍್ಯಾಕ್ ಇದ್ದಲ್ಲೇ ಇರುವುದರಿಂದ, ತಗ್ಗಿಸಿದಷ್ಟೂ ಅದರ ರಾಡ್ ಓರೆಯಾಗಿ ಹಳ್ಳ ಬಂದಾಗಲೆಲ್ಲ ಚಕ್ರ ತಾನೇ ತಿರುಗುತ್ತದೆ. ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ಸರಿದಿರುವ ಅಳತೆ) 3/32 ಇಂಚು, ಅಂದರೆ 2.4 ಮಿಮೀ.

ಹೊಸ ಪ್ಯಾಡನ್ನು ಪಳಗಿಸಲು ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿಮೀಯಿಂದ 15ಕ್ಕೆ ಸುಮಾರು 20 ಸಲ, ನಡುವೆ ತಣಿಯಲು ಬಿಡುತ್ತಾ ಇಳಿಸಿದೆ. ಬಿಸಿ ಇರುವಾಗ ಪೆಡಲ್ ಒತ್ತಿಕೊಂಡು ನಿಲ್ಲಬಾರದು, ಪ್ಯಾಡಿನ ಅಚ್ಚು ಡಿಸ್ಕಿಗೆ ಅಂಟುತ್ತದೆ. ಆಮೇಲೆ ಒದ್ದೆ ರಸ್ತೆಯಲ್ಲಿ ನಿಧಾನ ವೇಗದಲ್ಲಿ ಜೋರಾಗಿ ಒತ್ತಿ, ಮುಂದಿನ ಚಕ್ರ ಮೊದಲು ಲಾಕ್ ಆಗುವುದನ್ನು ನೋಡಿಕೊಂಡೆ. ಹಿಂದಿನದು ಮೊದಲು ಲಾಕ್ ಆದರೆ ಕಾರು ತಿರುಗಿ ನಿಲ್ಲುತ್ತದೆ. ಹಾಗಾದರೆ ಹಿಂದಿನ ಶೂಗಳ ಅಡ್ಜಸ್ಟ್‌ಮೆಂಟ್ ಮತ್ತು 10 ಪಿಎಸ್‌ಐ ವಾಲ್ವ್ ಸರಿಯಾದ ದಾರಿಯಲ್ಲಿದೆಯೇ ಎಂದು ಮತ್ತೆ ನೋಡಬೇಕು. ಮನೆಗೆ ಬಂದ ಮೇಲೆ ನಾಲ್ಕೂ ಹಬ್‌ಗಳನ್ನು ಕೈಯಿಂದ ಮುಟ್ಟಿ ನೋಡಿದೆ: ಮುಂದಿನ ಎರಡು ಸಮಾನವಾಗಿ ಬಿಸಿ, ಹಿಂದಿನ ಎರಡು ಬೆಚ್ಚಗೆ. ಇನ್ಶೂರೆನ್ಸ್ ಕಂಪನಿಗೆ ಈ ಬದಲಾವಣೆಗಳನ್ನು ಬರವಣಿಗೆಯಲ್ಲಿ ತಿಳಿಸಿದ ಮೇಲೆಯೇ ಕಾರು ಹೆದ್ದಾರಿಗೆ ಹೋಯಿತು.