ಆಸ್ಪತ್ರೆ ಬಿಲ್ಲು ಇಸಿಎಚ್‌ಎಸ್‌ಗೆ, ಫಿಸಿಯೋ ಬಿಲ್ಲು ನಿರಾಮಯಕ್ಕೆ: ನನ್ನ ಅನುಭವ

ಹೋದ ವರ್ಷ ಜೂನ್‌ನಲ್ಲಿ ನನ್ನ ಖಾತೆಗೆ ಒಂಬತ್ತು ಸಾವಿರ ಚಿಲ್ಲರೆ ಬಂತು. ದೊಡ್ಡ ಮೊತ್ತ ಏನಲ್ಲ. ಆದರೂ ಆ ಮೆಸೇಜನ್ನು ಅಪ್ಪನಿಗೆ ಮೂರು ಸಲ ಓದಿ ಹೇಳಿದೆ. ಅದಕ್ಕೂ ಮೊದಲು ನನ್ನ ಕಾಲಿನ ಬಿಗಿ ಸಡಿಲಿಸಲು ಕೊಟ್ಟ ಬೊಟಾಕ್ಸ್ ಇಂಜೆಕ್ಷನ್ನಿಗೆ ನಾವು ಒಂದು ರೂಪಾಯಿಯೂ ಕಟ್ಟಿರಲಿಲ್ಲ. ಅದು ಮಾಜಿ ಸೈನಿಕರ ಮತ್ತು ಅವರ ಅವಲಂಬಿತರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಲ್ಲಿ ಕ್ಯಾಶ್‌ಲೆಸ್ ಆಗಿ ಮುಗಿದಿತ್ತು. ಇಂಜೆಕ್ಷನ್ ಆದ ಮೇಲಿನ ಫಿಸಿಯೋಗೆ ಈ ಹಣ ಬಂದದ್ದು ನನ್ನಂಥ ಅಂಗವಿಕಲರಿಗಿರುವ ಸರ್ಕಾರಿ ಆರೋಗ್ಯ ವಿಮೆ ನಿರಾಮಯದಿಂದ. ಹೀಗೆ ಎರಡನ್ನೂ ಒಟ್ಟಿಗೆ ನಡೆಸಲು ಆಗುವುದೇ ಇಲ್ಲ ಎಂದು ಎಷ್ಟೋ ಜನ ಹೇಳಿದ್ದರು. ಸುಬೇದಾರ್ ಆಗಿ ನಿವೃತ್ತರಾದ ನನ್ನ ಮಾವನೇ, "ಎರಡು ದೋಣಿಗೆ ಕಾಲಿಡಬೇಡ ಮಾರಾಯಾ, ಇದ್ದದ್ದೂ ಹೋದೀತು" ಎಂದಿದ್ದರು. ಈಗ ಅವರೇ ಸಂಘದ ಸಭೆಯಲ್ಲಿ ನನ್ನ ನಂಬರ್ ಹಂಚುತ್ತಾರೆ.

ನಾನು ಉಡುಪಿ ಹತ್ತಿರದ ಕಟಪಾಡಿಯವನು. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಎರಡೂ ಕಾಲು ಬಿಗಿ, ಬಲಗೈ ನಿಧಾನ, ಆಗಾಗ ಫಿಟ್ಸ್. ಮನೆಯೊಳಗೆ ವಾಕರ್, ಹೊರಗೆ ವೀಲ್‌ಚೇರ್. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಹಳದಿ ಕಾರ್ಡು, 70 ಪರ್ಸೆಂಟ್. ಅಪ್ಪ ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹವಾಲ್ದಾರ್ ಆಗಿದ್ದವರು, 1994ರಲ್ಲಿ ಮನೆಗೆ ಬಂದರು. 1996ಕ್ಕಿಂತ ಮೊದಲು ನಿವೃತ್ತರಾದ ಕಾರಣ ಇಸಿಎಚ್‌ಎಸ್‌ಗೆ ವಂತಿಗೆ ಕಟ್ಟುವ ಪ್ರಶ್ನೆಯೇ ಬರಲಿಲ್ಲ. ನಮ್ಮ ಕಾರ್ಡಿಗೆ ಮಂಗಳೂರಿನ ಇಸಿಎಚ್‌ಎಸ್ ಪಾಲಿಕ್ಲಿನಿಕ್. ಕಾರು ಮಾಡಿಕೊಂಡು ಹೋಗಿ ಬಂದರೆ ಸಾವಿರದ ಆರುನೂರರಿಂದ ಎರಡು ಸಾವಿರ ಬೇಕು. ಈ ಬಾಡಿಗೆಯನ್ನು ಯಾವ ಯೋಜನೆಯೂ ನನಗೆ ಪೂರ್ತಿ ಕೊಟ್ಟಿಲ್ಲ. ಹಾಗಾಗಿ ರೆಫರಲ್ (ದೊಡ್ಡ ಆಸ್ಪತ್ರೆಗೆ ಹೋಗಲು ಅಲ್ಲಿ ಕೊಡುವ ಚೀಟಿ), ತಿಂಗಳ ಮಾತ್ರೆ, ಪತ್ರ ಕೊಡುವುದು ಎಲ್ಲವನ್ನೂ ಒಂದೇ ದಿನಕ್ಕೆ ಕಟ್ಟುತ್ತೇನೆ. ಇದು ಬಹಳ ಸಣ್ಣ ವಿಷಯ, ಆದರೆ ವರ್ಷಕ್ಕೆ ಹತ್ತು ಸಾವಿರ ಉಳಿದಿದೆ.

ಮೊದಲ ಪೆಟ್ಟು ಬಿದ್ದದ್ದು 2014ರಲ್ಲಿ. ನನಗೆ 25 ತುಂಬಿತು, ಮಗನಿಗೆ ಕಾರ್ಡು ಇಲ್ಲ ಎಂದಾಯಿತು. ಅಂಗವಿಕಲ ಮಗನಿಗೆ ವಯಸ್ಸಿನ ಮಿತಿ ಇಲ್ಲ ಎಂಬುದು ನಮಗೆ ಗೊತ್ತಿತ್ತು. ಸರ್ಟಿಫಿಕೇಟೂ ಕೈಯಲ್ಲಿತ್ತು. ಕೆಟ್ಟದ್ದು ಹೆಸರಿನಲ್ಲಿ. ನಮ್ಮ ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ನೋಡಿ. ಅಪ್ಪನ ಸೇನೆಯ ಡಿಸ್ಚಾರ್ಜ್ ಬುಕ್ಕಿನಲ್ಲಿ ಎರಡು 'ಓ', ಆಧಾರಿನಲ್ಲಿ 'ಯು', ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಬರೀ ಇನಿಶಿಯಲ್. ಹುಟ್ಟಿದ ತಾರೀಕೂ ಎರಡು ದಿನ ಹಿಂದೆಮುಂದೆ. ನಾವು ಹೊಸ ಸರ್ಟಿಫಿಕೇಟ್ ಮಾಡಿಸಿದೆವು, ಆಮೇಲೆ ಆಧಾರ್ ತಿದ್ದಿಸಿದೆವು, ಮತ್ತೆ ಅಫಿಡವಿಟ್ ಮಾಡಿಸಿದೆವು. ಎಲ್ಲವೂ ತಲೆಕೆಳಗು. ಮೊದಲು ತಿದ್ದಬೇಕಾದದ್ದು ಬೆಂಗಳೂರಿನ ಸೇನಾ ರೆಕಾರ್ಡ್ಸ್ ಆಫೀಸಿನಲ್ಲಿದ್ದ ಅಪ್ಪನ ಸೇವಾ ದಾಖಲೆ. ಅದು ಸರಿಯಾದರೆ ಉಳಿದವನ್ನು ಅದಕ್ಕೆ ಹೊಂದಿಸಬಹುದು. ಇದು ತಿಳಿಯಲು ನನಗೆ ಹದಿನಾಲ್ಕು ತಿಂಗಳು, ಏಳೆಂಟು ಸಾವಿರ ರೂಪಾಯಿ ಬೇಕಾಯಿತು. ಬಲಗೈ ಬೆರಳು ಸರಿಯಾಗಿ ಚಾಚುವುದಿಲ್ಲವಾದ್ದರಿಂದ ಆಧಾರ್ ಕೇಂದ್ರದಲ್ಲಿ ಪ್ರತಿ ಸಲ ಬೆರಳಚ್ಚು ಸೋಲುತ್ತಿತ್ತು. ನಮ್ಮ ಹಾಗೆ ಕೈ ಬಿಗಿ ಇರುವವರು ಮೊದಲೇ ಕಣ್ಣಿನ ಸ್ಕ್ಯಾನ್ ಕೇಳಿ. ಸುಮ್ನೆ ಮೂರು ಸಲ ಅಲೆಯಬೇಡಿ.

ಎರಡನೇ ಪೆಟ್ಟು 2019ರ ಜುಲೈ. ರಾತ್ರಿ ಒಂದೂವರೆಗೆ ಫಿಟ್ಸ್ ಬಂದು ನಿಲ್ಲಲೇ ಇಲ್ಲ. ಹೊರಗೆ ಕಣ್ಣು ಕಾಣದ ಮಳೆ. ಹತ್ತಿರ ಸಿಕ್ಕಿದ ಆಸ್ಪತ್ರೆಗೆ ಹಾಕಿದರು. ಅದು ಇಸಿಎಚ್‌ಎಸ್ ಪಟ್ಟಿಯಲ್ಲಿ ಇರಲಿಲ್ಲ. ಐಸಿಯು ಮೂರು ದಿನ, ಬಿಲ್ಲು 58 ಸಾವಿರ. ಅಮ್ಮನ ಬಳೆ ಸಹಕಾರಿ ಸಂಘಕ್ಕೆ ಹೋಯಿತು. ಪಾಲಿಕ್ಲಿನಿಕ್‌ಗೆ 48 ಗಂಟೆಯೊಳಗೆ ತಿಳಿಸಬೇಕು ಎಂಬುದನ್ನು ಆ ಗಡಿಬಿಡಿಯಲ್ಲಿ ಯಾರೂ ನೆನಪಿಸಿಕೊಳ್ಳಲಿಲ್ಲ. ತಿಳಿಸಿದ್ದು ನಾಲ್ಕನೇ ದಿನ. ತಡವಾದದ್ದಕ್ಕೆ ವಿವರಣೆ, ಎಮರ್ಜೆನ್ಸಿ ಎಂಬ ಸರ್ಟಿಫಿಕೇಟ್, ಮತ್ತೆ ವಿವರಣೆ. ಹನ್ನೊಂದು ತಿಂಗಳ ಮೇಲೆ 31 ಸಾವಿರದ ಹತ್ತಿರ ಬಂತು, ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ರೇಟಿನ ಲೆಕ್ಕದಲ್ಲಿ. ಉಳಿದದ್ದು ನಮ್ಮ ತಲೆಗೆ.

ಇದೇ ಬಿಲ್ಲಿನಲ್ಲಿ ನಾನು ಇನ್ನೊಂದು ತಪ್ಪೂ ಮಾಡಿದೆ. ಆ ವರ್ಷವೇ ನಿರಾಮಯಕ್ಕೆ ಸೇರಿದ್ದೆ. ಎಪಿಎಲ್ ಆದ್ದರಿಂದ 500 ರೂಪಾಯಿ ಕಟ್ಟಿದ್ದೆ. ಒಂದು ಲಕ್ಷದ ಕವರ್ ಇದೆಯಲ್ಲ, ಇಸಿಎಚ್‌ಎಸ್ ಬಿಟ್ಟ 27 ಸಾವಿರವನ್ನು ಅಲ್ಲಿ ಕೇಳೋಣ ಎಂದು ಜೆರಾಕ್ಸ್ ಕಳಿಸಿದೆ. ಅಸಲು ಬಿಲ್ಲು ಬೇಕು ಎಂದು ಬಂತು. ಅಸಲು ಇಸಿಎಚ್‌ಎಸ್ ಫೈಲಿನಲ್ಲಿ. ಅಷ್ಟರಲ್ಲಿ ಕ್ಲೇಮಿನ ಗಡುವೂ ಮುಗಿದಿತ್ತು. ಒಂದು ಸೇವಾ ಕೇಂದ್ರದವನು, "ಆಸ್ಪತ್ರೆಯಿಂದ ಡುಪ್ಲಿಕೇಟ್ ಅಸಲು ಮಾಡಿಸಿಕೊಡ್ತೇನೆ, ಸಾವಿರ ರೂಪಾಯಿ ಕೊಡಿ ಅಣ್ಣ" ಎಂದ. ಕೊಡಲಿಲ್ಲ. ಅದು ಮೋಸ. ಸಿಕ್ಕಿಬಿದ್ದರೆ ಅಪ್ಪನ ಕಾರ್ಡೇ ಹೋಗಬಹುದು.

ಆ 27 ಸಾವಿರ ಹೋದ ಮೇಲೆಯೇ ದಾರಿ ಕಂಡದ್ದು. ಒಂದು ಬಿಲ್ಲನ್ನು ಎರಡು ಕಡೆ ಹಂಚಲು ಹೋಗಬಾರದು, ಚಿಕಿತ್ಸೆಯನ್ನೇ ಹಂಚಬೇಕು. ಆಸ್ಪತ್ರೆ, ಇಂಜೆಕ್ಷನ್, ಸ್ಕ್ಯಾನಿಂಗ್, ಫಿಟ್ಸ್ ಮಾತ್ರೆ ಇಷ್ಟೂ ಇಸಿಎಚ್‌ಎಸ್. ಊರಲ್ಲೇ ಮಾಡಿಸುವ ಫಿಸಿಯೋ ನಿರಾಮಯ. ವಾರಕ್ಕೆ ಮೂರು ದಿನ ಫಿಸಿಯೋಗಾಗಿ ಮಂಗಳೂರಿಗೆ ಹೋಗಲು ನನ್ನಿಂದ ಆಗದು. ಕಾರಿನಲ್ಲಿ ಒಂದು ಗಂಟೆ ಕೂತರೆ ಸಡಿಲವಾದ ಕಾಲು ಮತ್ತೆ ಬಿಗಿಯುತ್ತದೆ. ನಿರಾಮಯದಲ್ಲಿ ಥೆರಪಿಗೆ ಅಡ್ಮಿಟ್ ಆಗಬೇಕೆಂದಿಲ್ಲ. ಅದೇ ಅದರ ದೊಡ್ಡ ಗುಣ.

ಬೊಟಾಕ್ಸ್ ಹಾಕಿಸಿಕೊಂಡವರಿಗೆ ಗೊತ್ತಿರುತ್ತದೆ, ಅದರ ಗುಣ ಇರುವುದು ಮೂರರಿಂದ ನಾಲ್ಕು ತಿಂಗಳು. ಆ ಹೊತ್ತಿನಲ್ಲಿ ಫಿಸಿಯೋ ಮಾಡದಿದ್ದರೆ ಇಂಜೆಕ್ಷನ್ ದಂಡ. ಮೊದಲ ಸಲ ಹಾಗೇ ಆಯಿತು. ಇಂಜೆಕ್ಷನ್ ಆಯಿತು, ಫಿಸಿಯೋಗೆ ಹಣ ಇರಲಿಲ್ಲ, ತೆಂಗಿನಕಾಯಿ ಮಾರಿ ಆರು ಸಿಟ್ಟಿಂಗ್ ಮಾಡಿಸಿ ನಿಲ್ಲಿಸಿದೆವು. ಹದಿನೈದು ಸಾವಿರದ ಮೇಲಿನ ಔಷಧ ಹಾಗೇ ಇಳಿದುಹೋಯಿತು. ಯಾರ ಹಣವಾದರೇನು, ಹೊಟ್ಟೆ ಉರಿಯುತ್ತದೆ.

ಹಾಗಾಗಿ ಹೋದ ವರ್ಷದ ಇಂಜೆಕ್ಷನ್ನಿಗೆ ತಾರೀಕನ್ನು ಹಿಂದಿನಿಂದ ಲೆಕ್ಕ ಹಾಕಿದೆ. ನಿರಾಮಯದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಜನವರಿಯಲ್ಲಿ ಇಂಜೆಕ್ಷನ್ ಆದರೆ ಫಿಸಿಯೋ ಬಿಲ್ಲು ಎರಡು ವರ್ಷಕ್ಕೆ ಹಂಚಿಹೋಗುತ್ತದೆ, ಥೆರಪಿಯ ಮಿತಿಯೂ ಎರಡು ಸಲ ಸಿಗುತ್ತದೆ. ಔಷಧಕ್ಕೆ ಮಂಜೂರಾತಿ ಬರಲು ಎರಡು ತಿಂಗಳು ಬೇಕಾಗಬಹುದು ಎಂದು ಅಕ್ಟೋಬರ್ ಕೊನೆಯಲ್ಲೇ ರೆಫರಲ್ ಕೇಳಿದೆ. ಇಂಜೆಕ್ಷನ್ ಜನವರಿಗೇ ಆಗಬೇಕಿತ್ತು, ಫೆಬ್ರವರಿ ನಡುವೆ ಆಯಿತು. ಒಂದು ವಾರ ಬಿಟ್ಟು ಫಿಸಿಯೋ ಶುರು. ಸಿಟ್ಟಿಂಗಿಗೆ 300 ರೂಪಾಯಿ, ಮೂವತ್ತಮೂರೋ ಮೂವತ್ತನಾಲ್ಕೋ ಸಿಟ್ಟಿಂಗ್. ತಿಂಗಳು ತಿಂಗಳು ಬಿಲ್ಲು ಕಳಿಸಿದೆ, ಒಟ್ಟು ಹಾಕಿ ಇಡಲಿಲ್ಲ. ಕ್ಲೇಮಿನ ಜೊತೆ ಒಂದು ಪತ್ರ ಇಡುತ್ತೇನೆ. ಅದರ ಮೊದಲ ಎರಡು ಸಾಲು ಹೇಗೆ ಬರೆದರೆ ಪ್ರಶ್ನೆ ಕೇಳದೆ ಪಾಸಾಗುತ್ತದೆ ಎಂಬುದು ಆರು ವರ್ಷದಲ್ಲಿ ನಾನು ಕಂಡುಕೊಂಡದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸಿದ್ದೇನೆ.

ಬಿಲ್ಲಿನ ಬಗ್ಗೆ ಒಂದು ಮಾತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದ ಉಳಿಸುವುದೇ ಒಂದು ಕೆಲಸ. ಮೆಡಿಕಲ್ ಶಾಪಿನ ಆ ನುಣುಪು ಕಾಗದದ ಬಿಲ್ಲನ್ನು ಒಮ್ಮೆ ಲ್ಯಾಮಿನೇಶನ್ ಮಾಡಿಸಿದೆ. ಬಿಸಿ ತಾಗಿ ಇಡೀ ಬಿಲ್ಲು ಕಪ್ಪಾಯಿತು. 2,300 ರೂಪಾಯಿ ಹೋಯಿತು. ಆಮೇಲೆ ಒಂದು ಪರೀಕ್ಷೆ ಮಾಡಿದೆ. ಒಂದು ಬಿಲ್ಲು ಪ್ಲಾಸ್ಟಿಕ್ ಫೋಲ್ಡರಿನಲ್ಲಿ, ಒಂದು ಕಾಗದದ ಕವರಿನಲ್ಲಿ, ಒಂದು ಹಳೇ ಪೇಪರಿನ ಮಡಿಕೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್. ಮೊದಲು ಮಾಸಿದ್ದು ಪ್ಲಾಸ್ಟಿಕ್ಕಿನದ್ದು! ಈಗ ಎಲ್ಲ ಬಿಲ್ಲಿಗೂ ಅದೇ ದಿನ ಜೆರಾಕ್ಸ್, ಅಸಲು ಕಾಗದದ ಕವರಿನಲ್ಲಿ, ಕವರು ಅಪ್ಪನ ಮಿಲಿಟರಿ ಟ್ರಂಕಿನಲ್ಲಿ. ಫಿಸಿಯೋದವರ ಹತ್ತಿರ ಕೈಬರಹದ ರಸೀದಿಯೇ ಕೇಳುತ್ತೇನೆ, ಸೀಲು, ನೋಂದಣಿ ಸಂಖ್ಯೆ ಸಮೇತ.

ಆಯುಷ್ಮಾನ್ ಕಾರ್ಡನ್ನು ಯಾಕೆ ಸೇರಿಸಲಿಲ್ಲ ಎಂದು ಕೇಳುವವರಿದ್ದಾರೆ. 2024ರ ಅಕ್ಟೋಬರ್ ಕೊನೆಗೆ 70 ತುಂಬಿದವರಿಗೆ ವಯ ವಂದನಾ ಕಾರ್ಡು ಬಂತಲ್ಲ, ಆಗ ಊರಲ್ಲಿ ಎಲ್ಲರೂ ಮಾಡಿಸಿದರು. ಅಪ್ಪನಿಗೆ 73. ಐದು ಲಕ್ಷ ಎಂದ ಕೂಡಲೇ ಅವರೂ ಹೊರಟರು. ನಾನೇ ಬಾಗಿಲಲ್ಲಿ ವೀಲ್‌ಚೇರ್ ಅಡ್ಡ ಇಟ್ಟು ನಿಲ್ಲಿಸಿದೆ. ಇಸಿಎಚ್‌ಎಸ್ ಇದ್ದವರು ಎರಡರಲ್ಲಿ ಒಂದನ್ನು ಆರಿಸಬೇಕು. ಆ ಕಾರ್ಡಿನ ಐದು ಲಕ್ಷ 70 ತುಂಬಿದವರಿಗೆ ಮಾತ್ರ. ನಾನು ಇಸಿಎಚ್‌ಎಸ್‌ನಲ್ಲಿ ಇರುವುದೇ ಅಪ್ಪನ ಬೆನ್ನಿಗೆ. "ನೀವು ಆ ಕಡೆ ಹೋದರೆ ನಾನು ಎಲ್ಲಿ ಅಪ್ಪ?" ಎಂದೆ. ಅವರು ಚಪ್ಪಲಿ ಬಿಚ್ಚಿ ಒಳಗೆ ಬಂದರು.

ಇನ್ನೊಂದು ಎಚ್ಚರ. ನಾನು ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡಿ ತಿಂಗಳಿಗೆ ನಾಲ್ಕೈದು ಸಾವಿರ ದುಡಿಯುತ್ತೇನೆ. ಇಸಿಎಚ್‌ಎಸ್‌ನಲ್ಲಿ ಅವಲಂಬಿತರ ಆದಾಯದ ಮಿತಿ ತಿಂಗಳಿಗೆ 9,000 ಮತ್ತು ಅದರ ಮೇಲೆ ತುಟ್ಟಿಭತ್ಯೆ. ನಾನು ಅದರೊಳಗಿದ್ದೇನೆ, ಲೆಕ್ಕ ಬರೆದಿಟ್ಟಿದ್ದೇನೆ. ಅಡಗಿಸಿದರೆ ಮುಂದೆ ನಮಗೇ ಕಷ್ಟ.

ಕಡೆಯ ಕೆಲಸವನ್ನು ಅಪ್ಪ ಬಹಳ ದಿನ ಮುಂದೂಡಿದ್ದರು. ಅಂಗವಿಕಲ ಮಗ ಎಂದು ನನ್ನ ಹೆಸರನ್ನು ಪೆನ್ಷನ್ ದಾಖಲೆಗೆ ಸೇರಿಸುವುದು. ಅವರೂ ಅಮ್ಮನೂ ಹೋದ ಮೇಲಿನ ಮಾತು ಅದು, ಯಾರಿಗೆ ಬೇಕು ಹೇಳಿ. ಆದರೆ ಆಮೇಲೆ ನನಗೆ ಕುಟುಂಬ ಪಿಂಚಣಿ ಬಂದರೆ ತಾನೇ ಇಸಿಎಚ್‌ಎಸ್ ಮುಂದುವರಿಯುವುದು? ಅವರು ಇರುವಾಗಲೇ ಮಾಡಿಸಿದರೆ ಒಂದು ಅರ್ಜಿ. ಆಮೇಲಾದರೆ ನಾನೊಬ್ಬನೇ ಬೆಂಗಳೂರಿಗೆ ಅಲೆಯಬೇಕು. ನಾಲ್ಕು ವರ್ಷ ಕೇಳಿದೆ. ಜೂನ್‌ನಲ್ಲಿ ಆ ಮೆಸೇಜು ಬಂದ ಮಾರನೇ ದಿನ ಬೆಳಿಗ್ಗೆ ಅವರೇ ಟ್ರಂಕು ತೆರೆದು ಡಿಸ್ಚಾರ್ಜ್ ಬುಕ್ಕು ಹೊರಗೆ ತೆಗೆದು ನನ್ನ ತೊಡೆಯ ಮೇಲಿಟ್ಟರು. "ಬರಿ" ಎಂದರು. ಎಡಗೈಯಲ್ಲಿ ಬರೆದೆ, ಎರಡು 'ಓ' ಹಾಕಿ.