ಮನೆ ಮಗ್ಗುಲ ಮಾವು ಸವರಿಸಿದ ಲೆಕ್ಕ: ಗುತ್ತಿಗೆ ಬಿಟ್ಟು ಕೂಲಿಗೆ

ಹಂಚಿನ ಮೇಲೆ ವಾಲಿದ 40 ಅಡಿ ಮಾವಿನ ಕೊಂಬೆ ಸವರಲು ಶಿವಮೊಗ್ಗ ಕಡೆ ಗುತ್ತಿಗೆ ಕೇಳಿದರೆ 12ರಿಂದ 15 ಸಾವಿರ ಹೇಳುತ್ತಾರೆ, ಸೌದೆಯೂ ಅವರಿಗೇ. ಅದೇ ಕೆಲಸವನ್ನು ದಿನಗೂಲಿಯವರಿಂದ ಮೂರು ವರ್ಷಕ್ಕೆ ಹಂಚಿ ಮಾಡಿಸುತ್ತೇನೆ ಅಂದಾಗ "ಮೂರು ಸಲ ಮರ ಹತ್ತಿಸ್ತೀರಾ, ದುಡ್ಡು ಜಾಸ್ತಿಯಾಗಿದೆಯಾ" ಅಂದವರೇ ಹೆಚ್ಚು. ಮೂರನೇ ಸುತ್ತೂ ಮುಗಿದಿದೆ. ಸೌದೆ ಮಾರಿದ್ದು ಕಳೆದರೆ 10 ಸಾವಿರ ದಾಟಿಲ್ಲ, ಮರ ಒಂದು ವರ್ಷವೂ ಕಾಯಿ ತಪ್ಪಿಸಿಲ್ಲ.

ಗುತ್ತಿಗೆಯವರು ತಲೆ ಬೋಳಿಸಿ ಹೋಗುತ್ತಾರೆ. ಕೊಂಬೆಯನ್ನು ನಡುವೆ ಕಡಿದ ಕಡೆ ಹತ್ತಾರು ಚಿಗುರು ನೆಟ್ಟಗೆ ಏಳುತ್ತವೆ. ಅವಕ್ಕೆ ಬುಡದಲ್ಲಿ ಹಿಡಿತವಿಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾಳಿಗೆ ಸೀಳಿ ಹಂಚಿನ ಮೇಲೇ ಬೀಳುತ್ತವೆ. ಅವನ್ನು ತೆಗೆಸಲು ಮತ್ತೆ 6–7 ಸಾವಿರ. ನೆರಳು ತಪ್ಪಿದ ತೊಗಟೆ ಬಿಸಿಲಿಗೆ ಒಡೆದು ಕಾಂಡಕೊರಕ ಹುಳುವೂ ಸೇರುತ್ತದೆ.

ಮೂರು ವರ್ಷಕ್ಕೆ ಹಂಚುವುದು ಹೀಗೆ: ಮೊದಲ ವರ್ಷ ಕಡಿಯುವುದು ಒಣಗಿದ ಕೊಂಬೆ, ಒಂದಕ್ಕೊಂದು ಉಜ್ಜುವುದು, ಮಾಡಿನ (ಚಾವಣಿಯ) ಕಡೆಯದು. ಒಟ್ಟು ಹಸಿರಿನ ಕಾಲು ಭಾಗ ಮೀರಬಾರದು. ಎರಡನೇ ವರ್ಷ ಎತ್ತರದ ಒಂದೋ ಎರಡೋ ನಡುಗೊಂಬೆ, ಅದೂ ಆ ಕೊಂಬೆಯ ಮೂರನೇ ಒಂದರಷ್ಟಾದರೂ ದಪ್ಪವಿರುವ ಪಕ್ಕದ ಕವಲಿನವರೆಗೆ ಮಾತ್ರ ಕಡಿಯಬೇಕು. ಮೂರನೆಯದು ಬರೀ ಚಿಗುರು ತೆಳುಮಾಡುವುದು. ಹತ್ತುವವರು ಬರುವ ಮುಂಚೆ ಸುಣ್ಣದಲ್ಲಿ ಗುರುತು ಹಾಕಿ, ಗುರುತು ಹಾಕಿದ್ದಕ್ಕಷ್ಟೇ ಕೂಲಿ ಮಾತಾಡಿ. ಹಂಚು ಒಡೆದರೆ ಯಾರ ಲೆಕ್ಕ ಅನ್ನುವುದೂ ಆಗಲೇ ಇತ್ಯರ್ಥವಾಗಲಿ.

ಮೊದಲ ಸುತ್ತಿನ ಖರ್ಚು ನೆನಪಿದ್ದಷ್ಟು: ಹತ್ತುವವರಿಗೆ 2,000, ಕೆಳಗಿನ ಇಬ್ಬರಿಗೆ 1,600, ಗರಗಸದ ಯಂತ್ರದ ಬಾಡಿಗೆ ಎಣ್ಣೆ ಸೇರಿ 1,000, ಟ್ರ್ಯಾಕ್ಟರ್ 1,500, ಊಟ, ಚಹಾ, ಗಾಯಕ್ಕೆ ಬಳಿಯುವ ಮುಲಾಮು ಸೇರಿ 700–800. ಸುಮಾರು 7,000. ಐದಾರು ಕ್ವಿಂಟಲ್ ಸೌದೆಯಿಂದ 2,500 ವಾಪಸು ಬಂತು. ಎರಡನೇ ವರ್ಷ 3,000, ಮೂರನೆಯದು 2,000ದ ಆಸುಪಾಸು.

ದಪ್ಪ ಕೊಂಬೆಗೆ ಮೂರು ಕೊಯ್ತ. ಬುಡದಿಂದ ಒಂದಡಿ ಬಿಟ್ಟು ಅಡಿಯಿಂದ ಮೂರನೇ ಒಂದರಷ್ಟು, ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬು ಬಿಟ್ಟು ಅದರ ಅಂಚಿಗೆ. ಅಡಿಕೊಯ್ತ ತಪ್ಪಿದರೆ ತೊಗಟೆ ಕಾಂಡದವರೆಗೂ ಸೀಳುತ್ತದೆ. ಉಬ್ಬನ್ನೇ ಕೊಯ್ದರೆ ಗಾಯ ಮುಚ್ಚುವುದಿಲ್ಲ. ಮಾಡಿನ ಕಡೆಯ ಕೊಂಬೆಗೆ ಹಗ್ಗ ಎರಡು, ಬುಡಕ್ಕೊಂದು ತುದಿಗೊಂದು. ಒಂದೇ ಕಟ್ಟಿದರೆ ತುದಿ ತೂಗಿ ಹಂಚಿಗೆ ಬಡಿಯುವುದು ಖಚಿತ.

ಗಾಯಕ್ಕೆ ಬೋರ್ಡೋ ಮುಲಾಮು: ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಅದ್ದಿದ ಕಬ್ಬಿಣದ ಚೂರಿಗೆ ಕೆಂಪು ಕಟ್ಟಿದರೆ ಸುಣ್ಣ ಸಾಲದು. ಅರ್ಧ ಗಾಯಗಳಿಗೆ ಸಗಣಿ-ಕೆಮ್ಮಣ್ಣು ಬಳಿದೂ ನೋಡಿದೆ: ಎರಡು ಇಂಚಿನೊಳಗಿನವು ಎರಡರಲ್ಲೂ ಒಂದೇ ಥರ ಮುಚ್ಚಿದವು. ನಾಲ್ಕು ಇಂಚಿನವುಗಳಲ್ಲಿ ಸಗಣಿ ಮಳೆಗೆ ತೊಳೆದು ಗೆದ್ದಲು ಹತ್ತಿತು.

ಕೊಯ್ಲು ಮುಗಿದ ವಾರವೇ, ಮಳೆ ಬಿಡುವು ಕೊಟ್ಟ ದಿನ ನೋಡಿ ಕೈಹಾಕಬೇಕು. ಜುಲೈ ದಾಟಿದರೆ ಚಿಗುರು ಬಲಿಯದೆ ಆ ವರ್ಷದ ಹೂವು ಹೋಗುತ್ತದೆ. ಕರೆಂಟು ತಂತಿ ಪಕ್ಕದ ಕೊಂಬೆ ಕಡಿಯುವಾಗ ವಿದ್ಯುತ್ ಕಂಪನಿ ಮೆಸ್ಕಾಂನ ಶಾಖಾ ಕಚೇರಿಯಿಂದಲೇ ಕರೆಂಟು ತೆಗೆಸಿ, ಅಲ್ಯುಮಿನಿಯಂ ಏಣಿ ಬೇಡ. ದೊಡ್ಡ ಕೊಂಬೆಗಳಿದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಮೊದಲೇ ಅರ್ಜಿ ಕೊಡುವುದು ಕ್ಷೇಮ.

ಇದೇ ಲೆಕ್ಕ ಹಲಸಿಗೂ ಹೊಂದುತ್ತದೆ, ಆದರೆ ಕಾಂಡದ ಮೇಲೆ ಕಾಯಿ ತೂಗುವ ಮೋಟುಗಳನ್ನು ಮುಟ್ಟಗೊಡಬೇಡಿ. ತೆಂಗಿನ ಸುಳಿ ಚೊಕ್ಕ ಮಾಡಲು ಮರಕ್ಕೆ 150–200 ಸಾಕು. ನುಗ್ಗೆಗೆ ಯಾರಿಗೂ ಕಾಸು ಕೊಡಬೇಕಿಲ್ಲ, ಬೆಳೆ ಮುಗಿದ ಮೇಲೆ ಮೂರು ನಾಲ್ಕು ಅಡಿಗೆ ನೀವೇ ಕಡಿದರಾಯಿತು.