ಒಂದಕ್ಕೆ ಹತ್ತು ಅಂದರೆ ಎಷ್ಟು?

ಮನೆ ಶುಚಿ ಮಾಡುವ ಲಿಕ್ವಿಡ್ ಬಾಟಲಿಯ ಹಿಂದೆ 1:10 ಎಂದು ಬರೆದಿರುತ್ತಾರೆ. ಒಂದು ಪಾಲು ಲಿಕ್ವಿಡ್, ಹತ್ತು ಪಾಲು ನೀರು. ಹಾಗಾದರೆ ಒಟ್ಟು ಎಷ್ಟು ಪಾಲಾಯಿತು? ಹನ್ನೊಂದು. ಜನ ಎಡವುವುದೇ ಇಲ್ಲಿ. ಒಂದು ಲೀಟರಿನ ಸ್ಪ್ರೇ ಬಾಟಲಿ ತುಂಬಿಸಬೇಕಾದರೆ 1000 ಅನ್ನು 11ರಿಂದ ಭಾಗಿಸಿ. ಸುಮಾರು 91 ಮಿಲಿ ಬರುತ್ತದೆ. ಲಿಕ್ವಿಡ್ ಅಷ್ಟು, ಉಳಿದದ್ದೆಲ್ಲ ನೀರು.

ಅಯ್ಯೋ, ಹತ್ತರಿಂದಲೇ ಭಾಗಿಸಿ 100 ಮಿಲಿ ಹಾಕಿದರೆ ಏನಾಗುತ್ತದೆ ಅಂತೀರಾ? ಅಂಥದ್ದೇನೂ ಆಗುವುದಿಲ್ಲ. 1:100 ಇದ್ದರಂತೂ ಹೇಗೆ ಲೆಕ್ಕ ಹಾಕಿದರೂ ಲೀಟರಿಗೆ ಹತ್ತು ಮಿಲಿ ಆಸುಪಾಸೇ. ಆದರೆ 1:3 ಇದ್ದಾಗ ಹುಷಾರು. ಸರಿಯಾದ ಲೆಕ್ಕಕ್ಕೆ 250 ಮಿಲಿ ಸಾಕು, ಮೂರರಿಂದ ಭಾಗಿಸಿದವರು 333 ಸುರಿಯುತ್ತಾರೆ. ಅಂಕಿ ಚಿಕ್ಕದಾದಷ್ಟೂ ತಪ್ಪು ದೊಡ್ಡದು.

ಶೇಕಡಾ ಲೆಕ್ಕ ಬೇರೆ. ಶೇ. 2 ಅಂದರೆ ಕಲಸಿ ಮುಗಿದ ಒಂದು ಲೀಟರಿನಲ್ಲಿ 20 ಮಿಲಿ. ಅದನ್ನು 1:2 ಅಂದುಕೊಂಡರೆ ಬಾಟಲಿ ಎರಡೇ ದಿನಕ್ಕೆ ಖಾಲಿ!

ಅಳತೆಗೆ ಲೋಟವಾಗಲಿ, ಮುಚ್ಚಳವಾಗಲಿ, ಯಾವುದಾದರೂ ಆದೀತು. ಲಿಕ್ವಿಡ್‌ಗೂ ನೀರಿಗೂ ಅದೇ ಇರಬೇಕು, ಅಷ್ಟೇ. ‘ಒಂದು ಮುಚ್ಚಳ ಹಾಕು’ ಎನ್ನುವವರ ಮಾತನ್ನು ಮಾತ್ರ ಸುಮ್ನೆ ನಂಬಬೇಡಿ. ಎಲ್ಲ ಮುಚ್ಚಳವೂ ಒಂದೇ ಅಳತೆಯದಲ್ಲ. ಸಿರಪ್ ಜೊತೆ ಬರುವ ಗುರುತಿರುವ ಪುಟ್ಟ ಕಪ್ಪನ್ನು ತೊಳೆದು ಇದಕ್ಕೇ ಅಂತ ಇಟ್ಟುಬಿಡಿ. ಮತ್ತೆ ಅದು ಔಷಧಿಗೆ ಬೇಡ.

ಜಾಸ್ತಿ ಹಾಕಿದರೆ ಜಾಸ್ತಿ ಶುಚಿ ಎಂಬುದು ಶುದ್ಧ ಭ್ರಮೆ. ನೆಲ ಒರೆಸುವ ಲಿಕ್ವಿಡ್ ಜಾಸ್ತಿಯಾದರೆ ನೆಲ ಜಿಗುಟಾಗುತ್ತದೆ, ಧೂಳು ಅಂಟಿಕೊಳ್ಳುತ್ತದೆ. ಕ್ರಿಮಿನಾಶಕ ಕಡಿಮೆಯಾದರೆ ಕ್ರಿಮಿ ಸಾಯುವುದಿಲ್ಲ. ಹಾಕಿದ ಕೂಡಲೇ ಒರೆಸಿದರೂ ಅಷ್ಟೇ. ಲೇಬಲ್ ಹೇಳಿದಷ್ಟು ಹೊತ್ತು ಜಾಗ ಒದ್ದೆಯಾಗಿರಬೇಕು.

ಮೊದಲು ನೀರು, ಆಮೇಲೆ ಲಿಕ್ವಿಡ್. ನೊರೆ ಕಡಿಮೆ, ಮುಖಕ್ಕೆ ಸಿಡಿಯುವ ಭಯವೂ ಕಡಿಮೆ.

ಬ್ಲೀಚ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಶೇ. 5ರ ದ್ರವ ಬ್ಲೀಚನ್ನು ಶೇ. 0.1ಕ್ಕೆ ಇಳಿಸಲು ಒಂದು ಪಾಲಿಗೆ 49 ಪಾಲು ನೀರು ಬೇಕು. ಲೀಟರಿಗೆ 20 ಮಿಲಿ ಆಯಿತು. ತಣ್ಣೀರೇ ಇರಲಿ, ಬಿಸಿನೀರು ಬೇಡ. ಕಲಸಿಟ್ಟದ್ದು ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ, ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳಿ. ಅದಕ್ಕೆ ಆ್ಯಸಿಡ್ ಅಥವಾ ಅಮೋನಿಯಾ ಇರುವ ಯಾವುದನ್ನೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಬೇರೆ ಲಿಕ್ವಿಡ್ ಕಲಸಿ ಇಡುವುದಾದರೆ ಬಾಟಲಿಯ ಮೇಲೆ ಹೆಸರು, ಪಾಲಿನ ಲೆಕ್ಕ, ತಾರೀಖು ಬರೆದು ಅಂಟಿಸಿ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಸಬೇಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ.